ಮರದ ಮೇಲಿನ ಮಕ್ಕಳು: ಭಾರತದ ಬಾಲ್ಯಪ್ರಸಂಗಗಳೂ ನಮ್ಮ ತರಗತಿಗಳೂ

1

ಭಾರತವನ್ನು ಓದದ ಕನ್ನಡಿಗರು ಇರಬಹುದು, ಕೇಳದವರು ವಿರಳ. ಯಕ್ಷಗಾನದ ಬಯಲಾಟವೂ ತಾಳಮದ್ದಳೆಯೂ ಇನ್ನೂ ನಡೆಯುತ್ತಿರುವ ನಮ್ಮ ಕಾಸರಗೋಡು ಸೀಮೆಯಲ್ಲಿಯಂತೂ ಭೀಮ, ದುರ್ಯೋಧನ, ಕರ್ಣರ ಮಾತುಗಳನ್ನು ಕಿವಿಯಾರೆ ಕೇಳಿ ಬೆಳೆದವರು ಬಹು ಮಂದಿ. ಆದರೆ ನಾವು ಕೇಳಿದ್ದು ಬಹುಮಟ್ಟಿಗೆ ಅವರು ದೊಡ್ಡವರಾದ ಮೇಲಿನ ಕಥೆ. ಅವರು ಇನ್ನೂ ಹುಡುಗರಾಗಿ, ಒಂದೇ ಅರಮನೆಯಲ್ಲಿ ಉಂಡು ಒಂದೇ ಅಂಗಳದಲ್ಲಿ ಆಡುತ್ತಿದ್ದಾಗ ಏನು ನಡೆಯಿತು ಎಂಬ ಭಾಗವನ್ನು ನಾವು ನಗುತ್ತ ದಾಟಿಬಿಡುತ್ತೇವೆ. ಪಾಠ ಹೇಳುವಾಗಲೂ ಅದನ್ನು ಭೀಮನ ಬಾಲಲೀಲೆ ಎಂದು ಎರಡು ಮಾತಿನಲ್ಲಿ ಮುಗಿಸುವುದು ರೂಢಿ.

ಈ ರೂಢಿ ಸರಿಯಲ್ಲವೆಂದು ನಮಗೆ ತೋರಿದೆ. ಶಾಲೆಗಳಲ್ಲಿ ಬಲವುಳ್ಳ ಮಗು ಬಲವಿಲ್ಲದ ಮಗುವಿಗೆ ದಿನವೂ ಕೊಡುವ ಕಾಟವನ್ನು ಕುರಿತು ಇಂದು ಲೋಕವೆಲ್ಲ ಚಿಂತಿಸುತ್ತಿದೆ. ಲೋಕದ ಶಾಲಾಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಹಿಂದಿನ ಒಂದು ತಿಂಗಳೊಳಗೆ ಇಂಥ ಕಾಟಕ್ಕೆ ಒಳಗಾಗಿದ್ದರೆಂದು ಯುನೆಸ್ಕೋ ಸಂಸ್ಥೆಯ 2019ರ ವರದಿ ಹೇಳುತ್ತದೆ. ಈ ವಿಷಯದಲ್ಲಿ ಉಪಾಧ್ಯಾಯರಾದ ನಾವು ಪರದೇಶದ ಪುಸ್ತಕಗಳನ್ನು ನೋಡುವುದು ಯುಕ್ತವೇ. ಆದರೆ ನಮ್ಮ ಕಪಾಟಿನಲ್ಲಿಯೇ ಇರುವ ಕಾವ್ಯವು ಈ ಮಾತನ್ನು ಬಹು ಹಿಂದೆಯೇ ಆಳವಾಗಿ ನೋಡಿದೆ. ಆದಿಪರ್ವದ ಮೂರು ಸಂದರ್ಭಗಳನ್ನೂ ಸಭಾಪರ್ವದ ಒಂದು ಸಂದರ್ಭವನ್ನೂ ಈ ದೃಷ್ಟಿಯಿಂದ ಪರಿಶೀಲಿಸಿ, ಅವು ನಮ್ಮ ತರಗತಿಗೆ ಏನು ಹೇಳುತ್ತವೆ ಎಂದು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಮೊದಲನೆಯದು ಮರದ ಸಂದರ್ಭ. ವ್ಯಾಸಭಾರತದಲ್ಲಿ ಬಾಲಕ ಭೀಮನು ಒಬ್ಬನೇ ಧೃತರಾಷ್ಟ್ರನ ನೂರೊಂದು ಮಕ್ಕಳನ್ನು ಗೋಳುಹೊಯ್ದುಕೊಳ್ಳುತ್ತಾನೆ. ಅವರ ಕೂದಲು ಹಿಡಿದು ಎಳೆಯುತ್ತಾನೆ. ಮೊಣಕಾಲು ತರಚುವಂತೆ ನೆಲದ ಮೇಲೆ ದರದರನೆ ಸೆಳೆಯುತ್ತಾನೆ. ನೀರಾಟದಲ್ಲಿ ಹತ್ತು ಮಂದಿಯನ್ನು ಒಟ್ಟಿಗೆ ತೋಳಲ್ಲಿ ಹಿಡಿದು ಮುಳುಗಿಸಿ, ಜೀವ ಹೋಗುವಂತಾದಾಗ ಬಿಡುತ್ತಾನೆ. ಅವರು ಹಣ್ಣು ಕೀಳಲು ಮರ ಹತ್ತಿದರೆ ಬುಡವನ್ನು ಒದೆಯುತ್ತಾನೆ. ಹಣ್ಣುಗಳೊಡನೆ ಹುಡುಗರೂ ಉದುರಿ ಬೀಳುತ್ತಾರೆ. ಕ್ರಿ.ಶ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನೂ ಈ ಮರವೇರುವ ಆಟವನ್ನು ತನ್ನ ಕಾವ್ಯದಲ್ಲಿ ಬಿಡದೆ ತಂದಿದ್ದಾನೆ.

ಇದನ್ನು ಕೇಳುವಾಗ ನಮಗೆ ನಗು ಬರುತ್ತದೆ. ಏಕೆ? ನಾವು ಕೇಳುವುದು ಬುಡದಲ್ಲಿ ನಿಂತ ಭೀಮನ ಪಕ್ಕದಿಂದ. ಕೊಂಬೆಯ ಮೇಲೆ ಕುಳಿತು, ಇನ್ನೇನು ಮರ ಅಲುಗುತ್ತದೆ ಎಂದು ಕಾಯುವ ಹುಡುಗನ ಪಕ್ಕದಿಂದ ಒಮ್ಮೆ ಕೇಳಿದರೆ ನಗು ಅಲ್ಲಿಗೇ ನಿಲ್ಲುತ್ತದೆ. ವ್ಯಾಸನು ಇಲ್ಲಿ ಒಂದು ಮಾತನ್ನು ಸೇರಿಸುತ್ತಾನೆ: ಭೀಮನು ಹೀಗೆ ಮಾಡಿದ್ದು ಹುಡುಗತನದಿಂದ, ದ್ರೋಹಬುದ್ಧಿಯಿಂದಲ್ಲ. ಈ ಮಾತನ್ನು ವ್ಯಾಖ್ಯಾನಕಾರರು ಭೀಮನ ಪರವಾದ ಸಾಕ್ಷ್ಯವೆಂದು ಎಣಿಸುವುದುಂಟು. ಆದರೆ ಅದರ ಬೆನ್ನಿಗೇ, ಈ ಬಲವನ್ನು ಕಂಡು ದುರ್ಯೋಧನನ ಮನಸ್ಸು ಕೆಟ್ಟಿತೆಂದು ಕವಿ ಹೇಳುತ್ತಾನೆ. ಮಾಡಿದವನಲ್ಲಿ ದ್ರೋಹವಿರಲಿಲ್ಲ, ಅನುಭವಿಸಿದವನಲ್ಲಿ ದ್ರೋಹ ಹುಟ್ಟಿತು. ಎರಡೂ ನಿಜವೆಂಬುದನ್ನು ಕವಿ ಕಂಡಿದ್ದಾನೆ. ನಾವು ಒಂದನ್ನು ಮಾತ್ರ ಓದುತ್ತ ಬಂದೆವು.

ಶಾಲೆಯಲ್ಲಿ ದೂರು ಬಂದಾಗ ನಾವು ಆಡುವ ಮೊದಲ ಮಾತು ಯಾವುದು? ಮಕ್ಕಳಲ್ಲವೆ, ಆಡುವಾಗ ಇದೆಲ್ಲ ಇದ್ದದ್ದೇ ಎಂದು. ಆಟಕ್ಕೂ ಕಾಟಕ್ಕೂ ಇರುವ ಗೆರೆ ತೆಳುವಾದರೂ ಕಾಣದಂಥದ್ದಲ್ಲ. ಆಟದಲ್ಲಿ ಇಂದು ಬಿದ್ದವನು ನಾಳೆ ಬೀಳಿಸಬಲ್ಲ, ಸಾಕೆಂದರೆ ನಿಲ್ಲುತ್ತದೆ, ಕೊನೆಗೆ ಇಬ್ಬರೂ ನಗುತ್ತಾರೆ. ಕಾಟದಲ್ಲಿ ಬೀಳುವವನು ಯಾವಾಗಲೂ ಒಬ್ಬನೇ, ಸಾಕೆಂದರೂ ನಿಲ್ಲದು, ನಗುವವರು ಒಂದೇ ಕಡೆಯವರು. ಈ ವಿಷಯವನ್ನು ಶಾಸ್ತ್ರೀಯವಾಗಿ ಮೊದಲು ಅಭ್ಯಸಿಸಿದವರಲ್ಲಿ ಮುಖ್ಯರಾದ ಡಾನ್ ಓಲ್ವೆಯಸ್ ಅವರೂ ಮೂರು ಲಕ್ಷಣಗಳನ್ನು ಹೇಳಿದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಬಲದಲ್ಲಿ ಸಮತೆಯಿಲ್ಲದಿರುವುದು. ಭೀಮನಲ್ಲಿ ಕೊನೆಯ ಎರಡು ಸ್ಪಷ್ಟವಾಗಿವೆ. ಮೊದಲನೆಯದನ್ನು ಕುರಿತು ವಾದಿಸುತ್ತ ಕೂರುವಷ್ಟರಲ್ಲಿ ಮರದಿಂದ ಇನ್ನೊಬ್ಬ ಹುಡುಗ ಬಿದ್ದಿರುತ್ತಾನೆ.

3

ಎರಡನೆಯದು ನದಿಯ ಸಂದರ್ಭ. ಪ್ರಮಾಣಕೋಟಿಯ ಗಂಗಾತೀರದಲ್ಲಿ ವಿಹಾರವೇರ್ಪಡಿಸಿ, ಭೀಮನಿಗೆ ವಿಷಾನ್ನವಿಕ್ಕಿ, ಎಚ್ಚರ ತಪ್ಪಿದವನನ್ನು ಬಳ್ಳಿಗಳಿಂದ ಕಟ್ಟಿ ನೀರಿಗೆ ನೂಕಿದ ದುರ್ಯೋಧನನ ಕೃತ್ಯವನ್ನು ಯಾರೂ ಸಮರ್ಥಿಸಲಾರರು. ನಾವೂ ಸಮರ್ಥಿಸುವುದಿಲ್ಲ. ನೊಂದವನು ಮಾಡಿದ್ದೆಲ್ಲ ನ್ಯಾಯವಾಗುವುದಿಲ್ಲ. ಆದರೆ ಇಲ್ಲಿ ನಮ್ಮ ಗಮನ ಸೆಳೆಯುವುದು ಹಿರಿಯರ ನಡತೆ.

ಭೀಮನು ಮನೆಗೆ ಬಾರದಿದ್ದಾಗ ಕುಂತಿಯು ವಿದುರನನ್ನು ಕರೆಸಿ ತನ್ನ ಶಂಕೆಯನ್ನು ಹೇಳುತ್ತಾಳೆ. ವಿದುರನು, ಹಾಗೆ ಬಾಯಿಬಿಟ್ಟು ಆಡಬೇಡ, ಉಳಿದ ಮಕ್ಕಳನ್ನು ಕಾಪಾಡಿಕೋ, ದುರಾತ್ಮನನ್ನು ಆಕ್ಷೇಪಿಸಿದರೆ ಅವನು ಮತ್ತೆ ಹೊಡೆದಾನು ಎನ್ನುತ್ತಾನೆ. ಭೀಮನು ನಾಗಲೋಕದಿಂದ ಮರಳಿ ನಡೆದುದನ್ನೆಲ್ಲ ಹೇಳಿದಾಗ, ರೂಢಿಯ ಪಾಠದಲ್ಲಿ ಧರ್ಮರಾಜನೇ ತಮ್ಮನಿಗೆ, ಸುಮ್ಮನಿರು, ಇದನ್ನು ಎಲ್ಲಿಯೂ ಹೇಳಕೂಡದು ಎಂದು ವಿಧಿಸುತ್ತಾನೆ. ವಿದುರನು ನೀತಿಜ್ಞ, ಧರ್ಮರಾಜನು ಧರ್ಮಜ್ಞ. ಇಬ್ಬರ ಬಾಯಲ್ಲಿಯೂ ಬಂದ ಉಪಾಯ ಮೌನವೊಂದೇ. ಆ ಅರಮನೆಯಲ್ಲಿ ದೂರು ಹೇಳಲು ಒಂದು ಕ್ಷೇಮವಾದ ಬಾಗಿಲಿರಲಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಗೆ ಹೇಳಬೇಕು? ಮುಂದೆ ಅರಗಿನ ಮನೆ ಕಟ್ಟಿದವನಿಗೆ ಧೈರ್ಯ ಬಂದದ್ದು ಈ ಮೌನದಿಂದಲೇ ಅಲ್ಲವೆ?

ಇಂದಿನ ಮಗುವೂ ಇದೇ ಲೆಕ್ಕವನ್ನು ಹಾಕುತ್ತದೆ. ಹೇಳಿದರೆ ಇನ್ನೂ ಹೆಚ್ಚು ಹೊಡೆಯುತ್ತಾರೆ. ಮನೆಯಲ್ಲಿ ಹೇಳಿದರೆ ನೀನೇ ಏನೋ ಮಾಡಿರಬೇಕು ಎನ್ನುತ್ತಾರೆ. ಟೀಚರಿಗೆ ಹೇಳಿದರೆ ಇಬ್ಬರನ್ನೂ ಎದುರೆದುರು ನಿಲ್ಲಿಸಿ ಕೈಕುಲುಕಿಸಿ ಕಳಿಸುತ್ತಾರೆ. ಆದ್ದರಿಂದ ಅದು ಹೊಟ್ಟೆನೋವೆನ್ನುತ್ತದೆ, ತಲೆನೋವೆನ್ನುತ್ತದೆ, ಶಾಲೆ ತಪ್ಪಿಸುತ್ತದೆ, ಪುಸ್ತಕ ಕಳೆದುಹೋಯಿತೆನ್ನುತ್ತದೆ. ನಾರ್ವೆ ದೇಶದ ಉತ್ತರಭಾಗದಲ್ಲಿ 1982ರ ಕೊನೆಯಲ್ಲಿ ಮೂವರು ಬಾಲಕರು ಪ್ರಾಣ ಕಳೆದುಕೊಂಡರು. ಜೊತೆಯವರ ಕಾಟವೇ ಅದಕ್ಕೆ ಕಾರಣವೆಂದು ತಿಳಿದು ದೇಶವೇ ತಲ್ಲಣಿಸಿತು. ಮರುವರ್ಷ ಸರಕಾರವು ಎಲ್ಲ ಶಾಲೆಗಳಲ್ಲಿ ಕಾರ್ಯಕ್ರಮವೊಂದನ್ನು ಆರಂಭಿಸಿತು. ಆಗ ಓಲ್ವೆಯಸ್ ಅವರು ಬರ್ಗೆನ್ ನಗರದ ಸುಮಾರು 2,500 ಮಕ್ಕಳ ನಡುವೆ ನಡೆಸಿದ ಪ್ರಯೋಗದಲ್ಲಿ ಕಾಟವು ಅರ್ಧದಷ್ಟು ಇಳಿಯಿತು. ಅಲ್ಲಿ ಮಾಡಿದ್ದು ಸಾಧಾರಣವಾದ ಕೆಲಸಗಳೇ: ಮಕ್ಕಳನ್ನು ಹೆಸರಿಲ್ಲದ ಪ್ರಶ್ನಪತ್ರದಿಂದ ಕೇಳುವುದು, ಬಿಡುವಿನ ವೇಳೆಯಲ್ಲಿ ಹಿರಿಯರು ಅಂಗಳದಲ್ಲಿರುವುದು, ತರಗತಿಯಲ್ಲಿ ನಿಯಮ ಮಾಡಿ ಅದನ್ನು ಮಕ್ಕಳೊಡನೆ ಚರ್ಚಿಸುವುದು, ಕಾಟ ಕೊಟ್ಟವನೊಡನೆಯೂ ಅನುಭವಿಸಿದವನೊಡನೆಯೂ ಬೇರೆ ಬೇರೆಯಾಗಿ ಮಾತನಾಡುವುದು. ಹಸ್ತಿನಾವತಿಯಲ್ಲಿ ಇಲ್ಲದಿದ್ದ ಬಾಗಿಲನ್ನು ಅವರು ತೆರೆದರು; ಅಷ್ಟೆ.

4

ಮೂರನೆಯದು ರಂಗಭೂಮಿಯ ಸಂದರ್ಭ. ಉಪಾಧ್ಯಾಯರಾದ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಬೇಕಾದದ್ದು. ವಿದ್ಯಾಪ್ರದರ್ಶನದ ದಿನ ಕರ್ಣನು ಬಂದು ಅರ್ಜುನನಿಗೆ ಸಮವಾದ ವಿದ್ಯೆಯನ್ನು ತೋರಿಸಿ ದ್ವಂದ್ವಕ್ಕೆ ಕರೆದಾಗ ಕೃಪಾಚಾರ್ಯರು ಎದ್ದು, ನಿನ್ನ ತಾಯಿತಂದೆ ಯಾರು, ಕುಲವಾವುದು ಹೇಳು ಎನ್ನುತ್ತಾರೆ. ಕರ್ಣನ ಮುಖವು ಮಳೆಗೆ ನೆನೆದ ತಾವರೆಯಂತೆ ಬಾಗಿತೆಂದು ವ್ಯಾಸನು ವರ್ಣಿಸುತ್ತಾನೆ. ಆಮೇಲೆ ಮುದುಕ ಅಧಿರಥನು ಬಂದು, ಕರ್ಣನು ಅವನಿಗೆ ತಲೆಬಾಗಿದಾಗ, ಭೀಮನು ನಕ್ಕು, ನಿನ್ನ ಕುಲಕ್ಕೆ ತಕ್ಕ ಚಾವಟಿಯನ್ನು ಹಿಡಿ ಎಂದು ಹಂಗಿಸುತ್ತಾನೆ.

ಇಲ್ಲಿ ವಿಮರ್ಶಕರು ಸಾಮಾನ್ಯವಾಗಿ ಭೀಮನ ಒರಟುತನವನ್ನು ಎತ್ತಿಹೇಳುತ್ತಾರೆ. ನಮಗೆ ಕಾಣುವುದು ಸಂದರ್ಭಗಳ ಕ್ರಮ. ಮೊದಲು ಆಚಾರ್ಯರ ಪ್ರಶ್ನೆ, ಬಳಿಕ ಶಿಷ್ಯನ ಗೇಲಿ. ಆಚಾರ್ಯರು ಕೇಳಿದ್ದು ನಿಯಮಕ್ಕನುಸಾರವಾಗಿಯೇ ಇರಬಹುದು, ಧ್ವನಿಯೂ ಸೌಮ್ಯವಾಗಿದ್ದಿರಬಹುದು. ಆದರೆ ಈ ಹುಡುಗನನ್ನು ಅವನ ವಿದ್ಯೆಯಿಂದಲ್ಲ, ಹುಟ್ಟಿನಿಂದ ಅಳೆಯಬಹುದು ಎಂಬ ಅನುಮತಿ ಆ ಪ್ರಶ್ನೆಯಿಂದ ಸಿಕ್ಕಿತು. ಭೀಮನು ಅದನ್ನು ಬಳಸಿಕೊಂಡನು. ತರಗತಿಯಲ್ಲಿ ಹೀಗೆಯೇ ಆಗುತ್ತದೆ. ಗುರುವಿನ ಹುಬ್ಬಿನ ಒಂದು ಚಲನೆಯನ್ನು ಮಕ್ಕಳು ಅಂಗಳದಲ್ಲಿ ಹತ್ತು ಪಟ್ಟು ಮಾಡುತ್ತಾರೆ.

ಇದು ನಮ್ಮ ಸ್ವಂತ ತಪ್ಪೊಂದರಿಂದ ನಾವು ಕಲಿತ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಕನ್ನಡ ತರಗತಿಗೆ ಒಬ್ಬ ಹುಡುಗ ಸೇರಿದ್ದನು. ತಾಯಿಯ ಕಡೆ ಕನ್ನಡ, ತಂದೆಯ ಮನೆಯಲ್ಲಿ ಮಲಯಾಳ. ಒಂದು ದಿನ ಎದ್ದುನಿಂತು ಉತ್ತರ ಹೇಳುವಾಗ ಗಾಬರಿಯಿಂದ ನಾನು ಎನ್ನುವಲ್ಲಿ ಞಾನ್ ಎಂದನು. ತರಗತಿ ನಕ್ಕಿತು. ನಾವೂ ಮುಗುಳ್ನಕ್ಕೆವು, ಅದರಲ್ಲಿ ಕೆಡುಕೇನೂ ಇರಲಿಲ್ಲವೆಂದು ಇಂದಿಗೂ ಹೇಳಬಲ್ಲೆವು. ಆದರೆ ಸಂಜೆಯೊಳಗೆ ಅದು ಅವನಿಗೆ ಅಡ್ಡಹೆಸರಾಗಿತ್ತು. ಹಾಜರಿ ಕೂಗಿದಾಗ ಹಿಂದಿನ ಬೆಂಚಿನಿಂದ ಅದೇ ಶಬ್ದ, ಬಸ್ಸಿನಲ್ಲಿ ಅದೇ, ನೀರಿನ ನಲ್ಲಿಯ ಹತ್ತಿರ ಅದೇ. ಕ್ರಮೇಣ ಅವನು ಎದ್ದುನಿಂತು ಉತ್ತರ ಹೇಳುವುದನ್ನೇ ಬಿಟ್ಟನು. ನಾವು ಅದನ್ನು ಸಂಕೋಚವೆಂದು ತಿಳಿದೆವು. ವರ್ಷದ ಕೊನೆಗೆ ಅವನ ತಾಯಿ ಟಿ.ಸಿ. ಕೇಳಲು ಬಂದರು. ಕಾರಣ ಕೇಳಿದಾಗ, "ಅವನಿಗೆ ಇಲ್ಲಿ ಬೇಡವಂತೆ ಮಾಷ್ಟ್ರೇ" ಎಂದಷ್ಟೇ ಹೇಳಿದರು. ಉಳಿದದ್ದು ಇನ್ನೊಬ್ಬ ಹುಡುಗನಿಂದ ನಮಗೆ ತಡವಾಗಿ ತಿಳಿಯಿತು.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡದ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ಕೊರಗುವವರು ನಾವು. ಕಚೇರಿಯ ಕಿಟಕಿಯಲ್ಲಿ ನಮ್ಮ ನುಡಿಯನ್ನು ಕೇಳಿ ಯಾರಾದರೂ ನಕ್ಕರೆ ಅದರ ನೋವನ್ನು ಬಲ್ಲವರೂ ನಾವೇ. ಆ ನೋವು ನಮಗೆ ಗೊತ್ತಿದ್ದೂ ಒಂದು ಮಗುವಿನ ಬಾಯಿಯಿಂದ ಜಾರಿದ ಒಂದು ಶಬ್ದಕ್ಕೆ ನಕ್ಕೆವು. ಅಂದಿನ ನಮ್ಮ ಮುಗುಳ್ನಗೆಯು ಕೃಪಾಚಾರ್ಯರ ಪ್ರಶ್ನೆಯಾಗಿತ್ತು. ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಂದು ಹಲವು ಮನೆಮಾತುಗಳ ಮಕ್ಕಳು ಕೂಡಿ ಕುಳಿತುಕೊಳ್ಳುವ ನಮ್ಮ ಗಡಿನಾಡಿನ ತರಗತಿಯಲ್ಲಿ ಮನೆಮಾತೇ ಕುಲದಂತೆ ಆಗಿಬಿಡುವ ಅಪಾಯ ಸದಾ ಇದೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ವಿಧಿಯು ಮಗುವಿಗೆ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲದೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಮುಗುಳ್ನಗೆಯನ್ನು ಯಾವ ಕಾಯಿದೆ ಹಿಡಿದೀತು? ಅದನ್ನು ನಾವೇ ಹಿಡಿಯಬೇಕು.

ಈ ಸಂದರ್ಭದ ಇನ್ನೊಂದು ಅಂಶವನ್ನು ಗಮನಿಸಬೇಕು. ಅಷ್ಟು ದೊಡ್ಡ ಜನಸ್ತೋಮದಲ್ಲಿ ಕರ್ಣನ ಪಕ್ಕಕ್ಕೆ ಬಂದು ನಿಂತವನು ದುರ್ಯೋಧನನೊಬ್ಬನೇ. ಶೂರರ ಮೂಲವನ್ನೂ ನದಿಗಳ ಮೂಲವನ್ನೂ ಅರಿಯುವುದು ಕಷ್ಟವೆಂದು ಅವನು ವಾದಿಸುತ್ತಾನೆ. ದ್ರೋಣರು ಕಲಶದಲ್ಲಿಯೂ ಕೃಪರು ಜೊಂಡಿನಲ್ಲಿಯೂ ಹುಟ್ಟಿದರಲ್ಲವೆ ಎಂದು ಗುರುಗಳನ್ನೇ ಕೇಳುತ್ತಾನೆ. ಅವನ ಉದ್ದೇಶದಲ್ಲಿ ಸ್ವಾರ್ಥವಿದ್ದಿತು, ಮಾತಿನಲ್ಲಿ ಸತ್ಯವಿದ್ದಿತು. ಭೀಷ್ಮ ವಿದುರರಂಥವರು ಯಾರಾದರೂ ಅಂದು ಆ ಮಾತನ್ನು ಆಡಿದ್ದರೆ ಕರ್ಣನ ಋಣ ಬೇರೆ ಕಡೆಗೆ ಬೀಳುತ್ತಿತ್ತು. ಕರ್ಣನು ಸತ್ತ ಮೇಲೆ ಭಾರತದಲ್ಲಿ ಅವನನ್ನೇ ನೆನೆಯಬೇಕೆಂದು ಪಂಪನು ಓದುಗರಿಗೆ ಹೇಳಿದ್ದನ್ನು ನಾವೆಲ್ಲ ಮೆಚ್ಚಿ ಪಾಠ ಹೇಳುತ್ತೇವೆ. ಅವನು ಬದುಕಿ, ತಲೆತಗ್ಗಿಸಿ ನಿಂತ ದಿನವೇ ಒಳ್ಳೆಯವರು ನೆನೆದಿದ್ದರೆ? ಒಂಟಿಯಾದ ಮಗು ತನ್ನ ಪಕ್ಕದಲ್ಲಿ ನಿಂತವನ ಗುಣವನ್ನು ತೂಗುವುದಿಲ್ಲ. ನಿಂತನೆಂಬುದಷ್ಟೇ ಅದಕ್ಕೆ ಸಾಕು. ಒಳ್ಳೆಯವರು ತಡಮಾಡಿದಲ್ಲಿ ಕೆಟ್ಟ ಕೂಟ ಅದನ್ನು ಕರೆದುಕೊಳ್ಳುತ್ತದೆ.

5

ನಾಲ್ಕನೆಯದು ದ್ಯೂತಸಭೆ. ಅದು ಮಕ್ಕಳ ಪ್ರಸಂಗವಲ್ಲ; ಆದರೆ ಆ ಮಕ್ಕಳೇ ಬೆಳೆದು ಬಂದು ಕುಳಿತ ಸಭೆ. ದ್ರೌಪದಿಯ ಪ್ರಶ್ನೆಗೆ ಹಿರಿಯರೆಲ್ಲ ತಲೆತಗ್ಗಿಸಿದಾಗ ಕೌರವರಲ್ಲಿ ಒಬ್ಬನಾದ ವಿಕರ್ಣನು ಎದ್ದು ಇದು ಅಧರ್ಮವೆನ್ನುತ್ತಾನೆ. ಅವನನ್ನು ಹುಡುಗುಬುದ್ಧಿಯವನೆಂದು ಗದರಿಸಿ ಕೂರಿಸಿದವನು ಯಾರು? ಕರ್ಣ. ವಸ್ತ್ರವನ್ನು ಸೆಳೆಯೆಂದು ದುಶ್ಶಾಸನನಿಗೆ ಹೇಳಿದವನೂ ಅವನೇ. ರಂಗಭೂಮಿಯಲ್ಲಿ ಸಾವಿರ ಕಣ್ಣುಗಳ ಎದುರು ತಲೆತಗ್ಗಿಸಿದವನು, ಇಲ್ಲಿ ಇನ್ನೊಬ್ಬರು ತಲೆತಗ್ಗಿಸುವಂತೆ ಮಾಡುತ್ತಾನೆ. ನೊಂದವನು ನೋಯಿಸಲಾರನೆಂದು ನಾವು ನಂಬುತ್ತೇವೆ; ಕವಿ ನಂಬುವುದಿಲ್ಲ. ಆರದ ಗಾಯ ಬೇರೆಯವರ ಮೇಲೆ ಹೊರಳುತ್ತದೆ. ಕಾಟ ಕೊಡುವ ಹುಡುಗನನ್ನು ಎಲ್ಲರೆದುರು ಹೀಯಾಳಿಸಿ ತಿದ್ದಹೊರಡುವ ಉಪಾಧ್ಯಾಯರು ಇದನ್ನು ಮರೆಯಬಾರದು.

ಸಭೆಯಲ್ಲಿ ಎದ್ದವನು ವಿಕರ್ಣ, ಬಾಯಿಬಿಟ್ಟವನು ವಿದುರ, ಉಳಿದವರು ನೋಡುತ್ತ ಕುಳಿತರು. ಇಂದಿನ ಅಭ್ಯಾಸಿಗಳ ಮುಖ್ಯ ಆಸಕ್ತಿ ಈ ನೋಡುವವರಲ್ಲಿದೆ. ಕೆನಡಾ ದೇಶದ ಟೊರಾಂಟೊ ನಗರದ ಶಾಲಾ ಅಂಗಳಗಳಲ್ಲಿ ಚಿತ್ರೀಕರಿಸಿ ನೋಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಂತೆ, ಕಾಟದ ನೂರು ಸಂದರ್ಭಗಳಲ್ಲಿ ಸುಮಾರು 88ರಲ್ಲಿ ಬೇರೆ ಮಕ್ಕಳು ಹತ್ತಿರದಲ್ಲಿದ್ದರು. ಅವರು ತಡೆದದ್ದು 19ರಲ್ಲಿ ಮಾತ್ರ. ಆದರೆ ತಡೆದಾಗಲೆಲ್ಲ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡುಗಳೊಳಗೆ ಕಾಟ ನಿಂತಿತು. ಫಿನ್‌ಲ್ಯಾಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಅವರು ರೂಪಿಸಿದ ಕಿವಾ ಎಂಬ ಕಾರ್ಯಕ್ರಮವು ಇದೇ ತತ್ತ್ವದ ಮೇಲೆ ನಿಂತಿದೆ. ವಿಕರ್ಣನು ಸೋತದ್ದು ಅವನ ಮಾತು ದುರ್ಬಲವಾದ್ದರಿಂದಲ್ಲ, ಅವನೊಡನೆ ಎರಡನೆಯವನು ಎದ್ದು ನಿಲ್ಲದ್ದರಿಂದ.

6

ಇಷ್ಟೆಲ್ಲ ಹೇಳುವುದು ಕಾವ್ಯಕ್ಕೆ ಅಪಚಾರವಲ್ಲವೆ, ಮಹಾಭಾರತವನ್ನು ಶಾಲೆಯ ಶಿಸ್ತಿನ ಕೈಪಿಡಿ ಮಾಡಿದಂತಾಗಲಿಲ್ಲವೆ ಎಂದು ಸಹೃದಯರು ಆಕ್ಷೇಪಿಸಬಹುದು. ಕುರುಕ್ಷೇತ್ರಕ್ಕೆ ಕಾರಣಗಳು ಹಲವು. ಒಂದು ಮರವೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಕವಿ ಆ ಮರವನ್ನು ಬಿಡದೆ ಹೇಳಿದ್ದಾನೆ. ಲೀಲೆಯೆಂದು ನಕ್ಕದ್ದು, ಸುಮ್ಮನಿರೆಂದದ್ದು, ಕುಲ ಕೇಳಿದ್ದು, ನೋಡುತ್ತ ಕುಳಿತದ್ದು: ಹಿರಿಯರ ಈ ನಾಲ್ಕು ತಪ್ಪುಗಳನ್ನು ಸಾಲಾಗಿ ಇಟ್ಟವನು ಅವನೇ. ಕವಿ ಇಟ್ಟದ್ದನ್ನು ಎತ್ತಿ ತೋರಿಸುವುದು ವಿಮರ್ಶೆಯ ಕೆಲಸವೆಂದು ನಾವು ತಿಳಿಯುತ್ತೇವೆ.

ಹಾಗಾದರೆ ಮಾಡಬೇಕಾದದ್ದೇನು? ನಾಲ್ಕು ತಪ್ಪುಗಳಿಗೆ ನಾಲ್ಕು ತಿದ್ದುಗೆಗಳು. ಮಗು ಹೇಳಿಕೊಂಡಾಗ ಮೊದಲು ಕೊನೆಯವರೆಗೆ ಕೇಳುವುದು. ನೀನೇನು ಮಾಡಿದೆ ಎಂಬ ಪ್ರಶ್ನೆಯನ್ನು ನಾಲಗೆಗೆ ತಾರದಿರುವುದು. ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ ಎನ್ನುವುದು. ಸಹಿಸಿಕೋ ಎಂಬ ಮಾತೂ ತಿರುಗಿ ಹೊಡೆ ಎಂಬ ಮಾತೂ ಒಂದೇ ಬಗೆಯವು. ಎರಡೂ ಮಗುವನ್ನು ಒಂಟಿಯಾಗಿಯೇ ಬಿಡುತ್ತವೆ. ಎರಡನೆಯದಾಗಿ, ಹೇಳಲು ಒಂದು ಬಾಗಿಲು: ದಿನವೂ ಇಂಥ ಹೊತ್ತಿನಲ್ಲಿ ಇಂಥ ಟೀಚರು ಸಿಗುತ್ತಾರೆಂದು ಮಕ್ಕಳಿಗೆ ತಿಳಿದಿರಬೇಕು; ಕೇಳಿದ್ದನ್ನು ದಿನಾಂಕ ಹಾಕಿ ಬರೆದಿಡಬೇಕು; ಒಂದು ವಾರ ಕಳೆದು ಮತ್ತೆ ಕರೆದು ವಿಚಾರಿಸಬೇಕು. ಈಗ ಕಾಟವು ಮೊಬೈಲಿನ ಮೂಲಕ ರಾತ್ರಿಯೂ ಮನೆಯೊಳಗೆ ಬರುತ್ತದೆ. ಅಂಥ ಸಂದೇಶಗಳನ್ನು ಅಳಿಸದೆ ಹಿರಿಯರಿಗೆ ತೋರಿಸಬೇಕೆಂದು ಹೇಳಿಕೊಡಬೇಕು. ಶಾಲೆಯಲ್ಲಿಯೂ ಮನೆಯಲ್ಲಿಯೂ ಹೇಳಲಾಗದ ಮಗುವಿಗೆ 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಗೋಡೆಯ ಮೇಲೆ ಕಾಣುವಂತಿರಬೇಕು. ಮೂರನೆಯದು, ನಮ್ಮ ನಾಲಗೆ ಮತ್ತು ನಗೆಯ ಮೇಲೆ ನಮ್ಮ ಎಚ್ಚರ.

ನಾಲ್ಕನೆಯದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಸಾಧನವಿದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಪಾತ್ರದ ಮನಸ್ಸನ್ನು ತನ್ನ ಮಾತಿನಿಂದ ಕಟ್ಟುತ್ತಾನೆ. ಇದನ್ನು ನಾವು ತರಗತಿಯಲ್ಲಿ ಪ್ರಯತ್ನಿಸಿದೆವು. ಮರದ ಸಂದರ್ಭವನ್ನು ಕೊಟ್ಟು, ಭೀಮನಿಗೂ ದುರ್ಯೋಧನನಿಗೂ ಬದಲಾಗಿ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ನಕುಲನಿಗೆ ಅರ್ಥ ಹೇಳಿರೆಂದೆವು. ಮೊದಲು ಯಾರಿಗೂ ಮಾತು ಹೊರಡಲಿಲ್ಲ. ಆಮೇಲೆ ಒಬ್ಬಳು ಹುಡುಗಿ ಎದ್ದು, "ಅಣ್ಣ, ಸಾಕು ಬಾ, ಊಟಕ್ಕೆ ಹೊತ್ತಾಯಿತು" ಎಂದಳು. ತರಗತಿ ನಕ್ಕಿತು, ಆದರೆ ಅದು ಬೇರೆ ನಗೆ. ದೊಡ್ಡ ಧರ್ಮೋಪದೇಶವಿಲ್ಲದೆ, ಯಾರನ್ನೂ ಅವಮಾನಿಸದೆ, ಮರದ ಬುಡದಿಂದ ಭೀಮನನ್ನು ಕರೆದುಕೊಂಡು ಹೋಗುವ ಮಾತು ಅದಾಗಿತ್ತು. ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವುದು, ಅಡ್ಡಹೆಸರನ್ನು ಬಿಟ್ಟು ಸರಿಯಾದ ಹೆಸರಿನಿಂದ ಕರೆಯುವುದು, ಬಾ ಹೋಗೋಣ ಎನ್ನುವುದು, ಟೀಚರನ್ನು ಕರೆತರುವುದು: ಮಕ್ಕಳಿಂದ ನಾವು ಕೇಳಬೇಕಾದದ್ದು ಇಷ್ಟೇ. ಇದಕ್ಕೆ ವೀರತ್ವ ಬೇಡ, ಅಭ್ಯಾಸ ಬೇಕು.

ಟಿ.ಸಿ. ಪಡೆದು ಹೋದ ಆ ಹುಡುಗನಿಗೆ ಇದಾವುದರಿಂದಲೂ ಪ್ರಯೋಜನವಾಗಲಿಲ್ಲ. ಅವನ ಹೆಸರಿದ್ದ ಹಾಜರಿ ಪುಸ್ತಕದ ಸಾಲು ನಮಗೆ ಈಗಲೂ ನೆನಪಿದೆ. ಈ ವರ್ಷ ಭಾರತದ ಪಾಠವನ್ನು ಎತ್ತಿಕೊಳ್ಳುವ ಬಂಧುಗಳು ಬಾಲಲೀಲೆಯ ಭಾಗಕ್ಕೆ ಬಂದಾಗ ಒಂದು ಕ್ಷಣ ನಿಂತು, ಕೊಂಬೆಯ ಮೇಲೆ ಕುಳಿತವರು ಯಾರೆಂದು ತಮ್ಮ ತರಗತಿಯತ್ತ ಒಮ್ಮೆ ಕಣ್ಣು ಹಾಯಿಸಿದರೆ ನಮ್ಮ ಈ ಅಲ್ಪ ಪ್ರಯತ್ನ ಸಾರ್ಥಕವಾದೀತು.